ಬರಿಗಾಲ ಓಟ ಮತ್ತು ಶೂ ತೊಟ್ಟ ಓಟ: ಪಾದವನ್ನು ಅವಸರವಿಲ್ಲದೆ ಹದಗೊಳಿಸುವ ಬಗೆ

ಓಟದ ಅಭ್ಯಾಸವಿರುವ ಯಾರಾದರೂ ಒಂದು ಬೆಳಿಗ್ಗೆ ಶಾಲೆಯ ಮೈದಾನದ ಗಟ್ಟಿ ಮಣ್ಣಿನ ಮೇಲೆ ಶೂ ಕಳಚಿಟ್ಟು ಐವತ್ತು ಮೀಟರ್ ಓಡಿದರೆ, ಯಾರೂ ಹೇಳಿಕೊಡದಿದ್ದರೂ ಹೆಜ್ಜೆ ಚಿಕ್ಕದಾಗುವುದನ್ನೂ, ಹಿಮ್ಮಡಿ ನೆಲಕ್ಕೆ ಬಡಿಯಲು ಹಿಂಜರಿಯುವುದನ್ನೂ, ಮೊಣಕಾಲು ತುಸು ಹೆಚ್ಚೇ ಬಾಗುವುದನ್ನೂ ಗಮನಿಸಬಹುದು. ಅದೇ ದೂರವನ್ನು ದಪ್ಪ ಅಟ್ಟೆಯ ಶೂ ತೊಟ್ಟು ಓಡಿದಾಗ ಹೆಜ್ಜೆ ಮತ್ತೆ ಉದ್ದವಾಗುತ್ತದೆ, ಹಿಮ್ಮಡಿ ಮತ್ತೆ ಮುಂದೆ ಚಾಚಿ ನೆಲ ಮುಟ್ಟುತ್ತದೆ. ಇವೆರಡರಲ್ಲಿ ಯಾವುದು ಸರಿ ಎಂಬ ವಾದದಲ್ಲಿ ಓಟಗಾರರು ಬಹಳ ಮಾತು ವ್ಯಯ ಮಾಡಿದ್ದಾರೆ. ಅಭ್ಯಾಸ ಮಾಡುವವರಿಗೆ ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ. ನೆಲದ ಹೊಡೆತವನ್ನು ಶೂ ಇಲ್ಲವಾಗಿಸುವುದಿಲ್ಲ, ಬರಿಗಾಲೂ ಇಲ್ಲವಾಗಿಸುವುದಿಲ್ಲ. ಆ ಭಾರವನ್ನು ಹೊರುವ ಅಂಗ ಮಾತ್ರ ಬದಲಾಗುತ್ತದೆ. ಹೊಸದಾಗಿ ಭಾರ ಹೊರಬೇಕಾದ ಅಂಗಕ್ಕೆ ಸಿದ್ಧವಾಗಲು ಎಷ್ಟು ಕಾಲ ಬೇಕೋ ಅಷ್ಟು ಕಾಲ ಕೊಡುವುದೇ ಈ ಮಾರ್ಗದರ್ಶಿಯ ತಿರುಳು.

ಕನಿಷ್ಠ ಆರು ತಿಂಗಳಿನಿಂದ ವಾರಕ್ಕೆ ಮೂರು ದಿನವಾದರೂ ಶೂ ತೊಟ್ಟು ಓಡುತ್ತಿರುವ ವಯಸ್ಕರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಈಗಷ್ಟೇ ಓಟ ಆರಂಭಿಸಿದವರು ಮೊದಲು ಅನುಕೂಲವಾದ ಶೂ ತೊಟ್ಟು ಓಟದ ರೂಢಿಯನ್ನು ಗಟ್ಟಿ ಮಾಡಿಕೊಳ್ಳಲಿ. ಎರಡು ಹೊಸತನ್ನು ಒಟ್ಟಿಗೆ ಕಲಿಯುವ ಅವಸರ ಬೇಡ.

ಭಾರ ಎಲ್ಲಿಂದ ಎಲ್ಲಿಗೆ ಹೋಗುತ್ತದೆ

ಒಂದು ಪಾದದಲ್ಲಿ 26 ಮೂಳೆಗಳೂ 33 ಕೀಲುಗಳೂ ಇವೆ. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಬಿಲ್ಲಿನ ಹಗ್ಗದಂತೆ ಹಬ್ಬಿರುವ ಗಟ್ಟಿ ಪೊರೆ ಪಾದದ ಕಮಾನನ್ನು ಹಿಡಿದಿಡುತ್ತದೆ. ಮೀನಖಂಡದ ಸ್ನಾಯುಗಳು ಅಕಿಲಿಸ್ ಎಂಬ ದಪ್ಪ ಸ್ನಾಯುರಜ್ಜುವಿನ ಮೂಲಕ ಹಿಮ್ಮಡಿಯ ಮೂಳೆಗೆ ಕೂಡಿಕೊಳ್ಳುತ್ತವೆ. ಓಡುವವನ ಹಿಮ್ಮಡಿ ಮೊದಲು ನೆಲ ಮುಟ್ಟಿದರೆ, ದೇಹದ ತೂಕದ ಒಂದೂವರೆಯಿಂದ ಮೂರು ಪಟ್ಟಿನಷ್ಟು ಹೊಡೆತ ಕಣ್ಣು ಮಿಟುಕಿಸುವುದಕ್ಕೂ ಮುಂಚೆ ಕಾಲಿನೊಳಗೆ ಏರುತ್ತದೆ. ದಪ್ಪ ಫೋಮ್ ಅಟ್ಟೆಯು ಆ ಹೊಡೆತದ ವೇಗವನ್ನು ತಗ್ಗಿಸಿ ಹಿಮ್ಮಡಿಯ ಓಟವನ್ನು ಸಹ್ಯವಾಗಿಸುತ್ತದೆ. ಹಿಮ್ಮಡಿಯ ಕೆಳಗೆ ಮೆತ್ತೆಯಿರುವ ಈ ಬಗೆಯ ಶೂ 1970ರ ದಶಕದಲ್ಲಿ ಬಳಕೆಗೆ ಬಂದದ್ದು. ಅದಕ್ಕಿಂತ ಹಿಂದಿನ ಓಟಗಾರರು ತೆಳು ಅಟ್ಟೆಯಲ್ಲೋ ಬರಿಗಾಲಲ್ಲೋ ಓಡಿದವರು.

ಪಾದದ ಮುಂಭಾಗ ಮೊದಲು ನೆಲ ಮುಟ್ಟಿದಾಗ ಆ ಮೊದಲ ಹೊಡೆತದ ಶಿಖರ ಬಹುಮಟ್ಟಿಗೆ ಮಾಯವಾಗುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಲೀಬರ್‌ಮನ್ ಮತ್ತು ಅವರ ಸಂಗಡಿಗರು ಕೀನ್ಯಾ ಹಾಗೂ ಅಮೆರಿಕದ ಓಟಗಾರರನ್ನು ಹೋಲಿಸಿ 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು, ಮತ್ತು ಬರಿಗಾಲ ಓಟದ ಬಗೆಗಿನ ಉತ್ಸಾಹಕ್ಕೆ ದೊಡ್ಡ ಕಾರಣವಾಯಿತು. ಆದರೆ ಆ ಉತ್ಸಾಹದಲ್ಲಿ ಒಂದು ಸಂಗತಿ ಹಿಂದೆ ಸರಿಯಿತು. ಹಿಮ್ಮಡಿಯೂ ಮೊಣಕಾಲೂ ಹೊರುತ್ತಿದ್ದ ಕೆಲಸದ ಒಂದು ಪಾಲು ಈಗ ಮೀನಖಂಡ, ಅಕಿಲಿಸ್ ಮತ್ತು ಬೆರಳುಗಳ ಹಿಂದಿರುವ ಐದು ಉದ್ದ ಮೂಳೆಗಳ ಮೇಲೆ ಬೀಳುತ್ತದೆ. ಮೊಣಕಾಲು ನೋವಿನಿಂದ ಬಳಲುವವರಿಗೆ ಬರಿಗಾಲ ಓಟ ಹಿತವೆನಿಸುವುದು ಈ ಕಾರಣಕ್ಕೆ. ಅಕಿಲಿಸ್ ನೋವಿರುವವರಿಗೆ ಅದು ಹಾನಿ ಮಾಡುವುದೂ ಇದೇ ಕಾರಣಕ್ಕೆ.

ಬರಿಗಾಲಲ್ಲಿ ಓಡುವವರೆಲ್ಲರೂ ಪಾದದ ಮುಂಭಾಗದ ಮೇಲೆಯೇ ಇಳಿಯುತ್ತಾರೆಂದು ತಿಳಿಯುವುದೂ ತಪ್ಪು. ಹುಟ್ಟಿನಿಂದ ಬರಿಗಾಲಲ್ಲೇ ನಡೆಯುವ ಉತ್ತರ ಕೀನ್ಯಾದ ದಾಸನಚ್ ಸಮುದಾಯದವರನ್ನು ಗಮನಿಸಿದ 2013ರ ಒಂದು ಅಧ್ಯಯನದಲ್ಲಿ, ತಮಗೆ ಹಿತವಾದ ವೇಗದಲ್ಲಿ ಓಡುವಾಗ ಅವರಲ್ಲಿ ಹೆಚ್ಚಿನವರು ಹಿಮ್ಮಡಿಯ ಮೇಲೆಯೇ ಇಳಿದರು. ವೇಗ, ನೆಲ, ರೂಢಿ ಈ ಮೂರೂ ಸೇರಿ ಹೆಜ್ಜೆಯನ್ನು ತೀರ್ಮಾನಿಸುತ್ತವೆ. ಆದ್ದರಿಂದ ‘ಇದೊಂದೇ ಸಹಜ ಹೆಜ್ಜೆ’ ಎಂದು ಯಾರಾದರೂ ಖಚಿತವಾಗಿ ಹೇಳಿದರೆ ಓದುಗರು ಒಪ್ಪಬೇಕಾಗಿಲ್ಲ.

ಬೆಳೆಯುವ ಪಾದದ ಮಟ್ಟಿಗೆ ನಮ್ಮ ಕರಾವಳಿಯೇ ಒಂದು ಮುಖ್ಯ ಸಾಕ್ಷ್ಯವನ್ನು ಕೊಟ್ಟಿದೆ. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮೂಳೆ ತಜ್ಞರು 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತುಗಳನ್ನು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪಾದರಕ್ಷೆ ತೊಡುವ ಮಕ್ಕಳಲ್ಲಿ ಚಪ್ಪಟೆ ಪಾದದ ಪ್ರಮಾಣ ಶೇ. 8.6 ಇದ್ದರೆ ತೊಡದವರಲ್ಲಿ ಶೇ. 2.8 ಮಾತ್ರ ಇತ್ತು. ಬೆರಳು ಮುಚ್ಚುವ ಶೂ ತೊಡುವ ಮಕ್ಕಳಲ್ಲಿ ಈ ಸಮಸ್ಯೆ ಹೆಚ್ಚಾಗಿ ಕಂಡಿತು. ಮಕ್ಕಳನ್ನು ಅಂಗಳದಲ್ಲಿ ಬರಿಗಾಲಲ್ಲಿ ಆಡಲು ಬಿಡುವುದಕ್ಕೆ ಇದು ಒಳ್ಳೆಯ ಕಾರಣ. ಆದರೆ ಮೂವತ್ತು ವರ್ಷ ಶೂ ಒಳಗೇ ಕಳೆದ ಪಾದ ಒಂದು ತಿಂಗಳಲ್ಲಿ ಮಗುವಿನ ಪಾದವಾಗಲಾರದು.

ಯಾರು ಶೂ ಕಳಚಬಾರದು

ಮಧುಮೇಹದಿಂದ ಅಂಗಾಲಿನ ಸ್ಪರ್ಶಜ್ಞಾನ ಕುಗ್ಗಿರುವವರು ಬರಿಗಾಲಲ್ಲಿ ಓಡುವುದಿರಲಿ, ಮನೆಯೊಳಗೂ ಬರಿಗಾಲಲ್ಲಿ ಓಡಾಡಬಾರದು. ಚುಚ್ಚಿದ ಮುಳ್ಳು ಅರಿವಿಗೇ ಬಾರದೆ ಕೀವುಗಟ್ಟಿ, ವಾಸಿಯಾಗದ ಹುಣ್ಣಾಗಿ, ಕೊನೆಗೆ ಬೆರಳನ್ನೋ ಪಾದವನ್ನೋ ಕಳೆದುಕೊಳ್ಳುವ ಸಂಭವ ನಿಜವಾಗಿಯೂ ಇದೆ. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವವರಿಗೆ ಸ್ಪರ್ಶ ಕುಗ್ಗಿರುವುದು ತಾವಾಗಿ ತಿಳಿಯದಿರಬಹುದು. ತೆಳುವಾದ ನೈಲಾನ್ ಎಳೆಯಿಂದ ಅಂಗಾಲನ್ನು ಒತ್ತಿ ನೋಡುವ ಸರಳ ಪರೀಕ್ಷೆಯನ್ನು ವೈದ್ಯರಲ್ಲಿ ಮಾಡಿಸಿಕೊಂಡ ಮೇಲೆಯೇ ಮುಂದಿನ ಮಾತು. ಕುಷ್ಠರೋಗದಿಂದ ನರಗಳಿಗೆ ಹಾನಿಯಾಗಿರುವವರಿಗೂ, ಕಾಲಿಗೆ ರಕ್ತ ಸಂಚಾರ ಕಡಿಮೆಯಿರುವವರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಪಾದದ ಮೂಳೆಯಲ್ಲಿ ಹಿಂದೆ ಬಿರುಕು ಬಂದಿದ್ದವರು, ಮೂಳೆಯ ಸಾಂದ್ರತೆ ಕಡಿಮೆಯೆಂದು ತಿಳಿದಿರುವವರು, ಅಕಿಲಿಸ್ ಅಥವಾ ಹಿಮ್ಮಡಿ ನೋವು ಈಗಲೂ ಇರುವವರು ವೈದ್ಯರ ಅಥವಾ ಫಿಸಿಯೋಥೆರಪಿಸ್ಟ್ ಅವರ ಒಪ್ಪಿಗೆಯಿಲ್ಲದೆ ಆರಂಭಿಸಬಾರದು. ದೇಹದ ತೂಕ ಹೆಚ್ಚಿರುವವರು ಮೊದಲು ನಡಿಗೆಯಲ್ಲೇ ಹೆಚ್ಚು ಕಾಲ ಉಳಿಯುವುದು ಕ್ಷೇಮ.

ಒಂದನೆಯ ಹಂತ: ಮನೆಯೊಳಗಿನ ಪರೀಕ್ಷೆ

ಮೈದಾನಕ್ಕೆ ಹೋಗುವ ಮುನ್ನ ಪಾದದ ಸ್ಥಿತಿಯನ್ನು ಮನೆಯಲ್ಲೇ ಅಳೆದುಕೊಳ್ಳಬಹುದು. ಬರಿಗಾಲಲ್ಲಿ ಒಂಟಿ ಕಾಲಿನ ಮೇಲೆ ಮೂವತ್ತು ಸೆಕೆಂಡ್ ಅಲುಗಾಡದೆ ನಿಲ್ಲಬೇಕು. ಅನಂತರ ಗೋಡೆಗೆ ಬೆರಳ ತುದಿ ತಾಗಿಸಿಕೊಂಡು, ಒಂಟಿ ಕಾಲಿನ ಹಿಮ್ಮಡಿಯನ್ನು ಪೂರ್ತಿ ಎತ್ತಿ ನಿಧಾನವಾಗಿ ಇಳಿಸುವುದನ್ನು ಪ್ರತಿ ಕಾಲಿನಲ್ಲೂ ಇಪ್ಪತ್ತು ಸಲ ಮಾಡಬೇಕು. ಗೋಡೆಯಿಂದ ನಾಲ್ಕು ಬೆರಳಗಲ ದೂರದಲ್ಲಿ ಹೆಬ್ಬೆರಳನ್ನಿಟ್ಟು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಬೇಕು. ಕೊನೆಯದಾಗಿ, ಉಳಿದ ಬೆರಳುಗಳನ್ನು ನೆಲದಲ್ಲೇ ಬಿಟ್ಟು ಹೆಬ್ಬೆರಳೊಂದನ್ನೇ ಮೇಲೆತ್ತಬೇಕು. ಈ ಕೊನೆಯದು ಬಹಳ ಜನರಿಗೆ ಮೊದಲ ದಿನ ಸಾಧ್ಯವಾಗುವುದಿಲ್ಲ. ಶೂ ಒಳಗೆ ಬೆರಳುಗಳು ಒಟ್ಟಿಗೇ ಚಲಿಸುವ ರೂಢಿ ಬಿದ್ದಿರುತ್ತದೆ.

ಇವುಗಳಲ್ಲಿ ಯಾವುದು ಆಗುವುದಿಲ್ಲವೋ ಅದನ್ನೇ ದಿನವೂ ಅಭ್ಯಾಸ ಮಾಡಬೇಕು. ಹಿಮ್ಮಡಿ ಎತ್ತುವ ವ್ಯಾಯಾಮಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ, ಏಕೆಂದರೆ ಬರಿಗಾಲ ಓಟದ ಹೊಸ ಭಾರದ ಬಹುಪಾಲು ಬೀಳುವುದು ಮೀನಖಂಡದ ಮೇಲೆಯೇ. ಇಪ್ಪತ್ತು ಸಲ ಎತ್ತಲಾಗದ ಮೀನಖಂಡ, ಒಂದು ಕಿಲೋಮೀಟರಿನಲ್ಲಿ ಪ್ರತಿ ಕಾಲೂ ಐನೂರು ಸಲವಾದರೂ ನೆಲಕ್ಕಿಳಿಯುವ ಓಟವನ್ನು ಹೇಗೆ ತಾಳೀತು?

ಎರಡನೆಯ ಹಂತ: ನಡಿಗೆ

ಮೊದಲ ಎರಡು ವಾರ ಬರಿಗಾಲಲ್ಲಿ ಓಡಬಾರದು, ನಡೆಯಬೇಕು. ಎಂದಿನ ಓಟ ಶೂ ತೊಟ್ಟೇ ಸಾಗಲಿ. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಮಣ್ಣಿನ ಮೇಲೆ, ಕಲ್ಲುಹಾಸಿನ ಮೇಲೆ, ಸಿಮೆಂಟಿನ ಅಂಗಳದಲ್ಲಿ ನಡೆದರೆ ಅಂಗಾಲಿನ ಚರ್ಮಕ್ಕೂ ಒಳಗಿನ ಸಣ್ಣ ಸ್ನಾಯುಗಳಿಗೂ ಮೊದಲ ಪಾಠವಾಗುತ್ತದೆ. ದಿನವೂ ಬರಿಗಾಲಲ್ಲೇ ಗದ್ದೆ ತೋಟದಲ್ಲಿ ದುಡಿಯುವವರು ಈ ಹಂತವನ್ನು ಬೇಗ ದಾಟಬಹುದು. ಕಚೇರಿಯಲ್ಲಿ ದಿನವಿಡೀ ಶೂ ತೊಡುವವರು ಎರಡರ ಬದಲು ನಾಲ್ಕು ವಾರ ತೆಗೆದುಕೊಂಡರೂ ನಷ್ಟವಿಲ್ಲ.

ಮೂರನೆಯ ಹಂತ: ನೆಲದ ಆಯ್ಕೆ

ಹುಲ್ಲುಹಾಸು ಮೆತ್ತಗಿರುವುದರಿಂದ ಅಲ್ಲಿಯೇ ಆರಂಭಿಸಬೇಕೆಂದು ಎಲ್ಲರಿಗೂ ಅನ್ನಿಸುತ್ತದೆ. ನನ್ನ ಅನುಭವದಲ್ಲಿ ಅದು ಉತ್ತಮ ಆಯ್ಕೆಯಲ್ಲ. ಹುಲ್ಲಿನೊಳಗೆ ನೆಗ್ಗಿಲು ಮುಳ್ಳೂ ಒಡೆದ ಗಾಜೂ ಕಾಣಿಸುವುದಿಲ್ಲ. ಅಲ್ಲದೆ ಮೆತ್ತನೆಯ ನೆಲ ತಪ್ಪು ಹೆಜ್ಜೆಯನ್ನೂ ಕ್ಷಮಿಸಿಬಿಡುವುದರಿಂದ ಪಾದ ಏನನ್ನೂ ಕಲಿಯುವುದಿಲ್ಲ. ಗುಡಿಸಿದ ಗಟ್ಟಿ ಮಣ್ಣಿನ ಶಾಲಾ ಮೈದಾನ ಅಥವಾ ನುಣುಪಾದ ಸಿಮೆಂಟ್ ನೆಲ ಕಲಿಕೆಗೆ ಹೆಚ್ಚು ತಕ್ಕದ್ದು. ಅಲ್ಲಿ ಹಿಮ್ಮಡಿ ಬಡಿದರೆ ಆ ಕ್ಷಣವೇ ತಿಳಿಯುತ್ತದೆ, ಮತ್ತು ಮುಂದಿನ ಹೆಜ್ಜೆ ತಾನಾಗಿ ತಿದ್ದಿಕೊಳ್ಳುತ್ತದೆ.

ಸಿಂಥೆಟಿಕ್ ಟ್ರ್ಯಾಕ್ ಸಮತಟ್ಟಾಗಿದ್ದರೂ ಅದರ ಹರಳು ಮೈ ಹೊಸ ಚರ್ಮವನ್ನು ಉಜ್ಜಿ ಗುಳ್ಳೆ ಎಬ್ಬಿಸುತ್ತದೆ, ಬಿಸಿಲೇರಿದಂತೆ ಸುಡುತ್ತದೆ. ಮೊದಲ ತಿಂಗಳು ಅದು ಬೇಡ. ಗರಸು ನೆಲ ಅನುಭವಿಗಳಿಗೆ ಮಾತ್ರ. ಮಲ್ಪೆ, ಪಣಂಬೂರಿನಂಥ ಕಡಲತೀರಗಳಲ್ಲಿ ಅಲೆ ಹಿಂದೆ ಸರಿದ ಮೇಲಿನ ಒದ್ದೆ ಮರಳು ಗಟ್ಟಿಯಾಗಿ ಹಿತವಾಗಿರುತ್ತದೆ, ಆದರೆ ಆ ನೆಲ ನೀರಿನ ಕಡೆಗೆ ಇಳಿಜಾರಾಗಿರುವುದರಿಂದ ಒಂದೇ ದಿಕ್ಕಿನಲ್ಲಿ ಉದ್ದಕ್ಕೆ ಓಡಿದರೆ ಒಂದು ಕಾಲಿಗೆ ಹೆಚ್ಚು ಭಾರ ಬೀಳುತ್ತದೆ. ಹೋದಷ್ಟೇ ದೂರ ಹಿಂದಿರುಗಬೇಕು. ಒಣ ಮರಳಿನಲ್ಲಿ ಹಿಮ್ಮಡಿ ಆಳಕ್ಕೆ ಇಳಿದು ಅಕಿಲಿಸ್ ಅತಿಯಾಗಿ ಎಳೆಯುವುದರಿಂದ ಅದನ್ನು ದೂರವಿಡಬೇಕು. ಕರಾವಳಿಯ ಕಂಬಳದಲ್ಲಿ ಕೋಣಗಳ ಹಿಂದೆ ಬರಿಗಾಲಲ್ಲಿ ಮಿಂಚಿನಂತೆ ಓಡುವವರನ್ನು ಕಂಡು ಕೆಲವರು ಸ್ಫೂರ್ತಿಗೊಳ್ಳುತ್ತಾರೆ. ಅದು ನೀರು ನಿಂತ ಕೆಸರಿನಲ್ಲಿ, ಕೋಣಗಳ ಎಳೆತದೊಂದಿಗೆ, ಕೆಲವೇ ಸೆಕೆಂಡುಗಳಲ್ಲಿ ಮುಗಿಯುವ, ವರ್ಷಗಳ ತಾಲೀಮಿನಿಂದ ಬಂದ ವಿದ್ಯೆ. ಡಾಂಬರಿನ ಮೇಲಿನ ಐದು ಕಿಲೋಮೀಟರಿಗೆ ಅದು ಮಾದರಿಯಾಗಲಾರದು.

ಕಾಲಮಾನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ದಿನಗಳಲ್ಲಿ ಡಾಂಬರು ರಸ್ತೆ ಬೆಳಗಿನ ಹೊತ್ತು ಏರುತ್ತಿದ್ದಂತೆಯೇ ಕಾದಿರುತ್ತದೆ. ಅಂಗೈಯನ್ನು ರಸ್ತೆಯ ಮೇಲೆ ಹತ್ತು ಸೆಕೆಂಡ್ ಊರಿ ನೋಡಿ, ತಾಳಲಾಗದಿದ್ದರೆ ಆ ದಿನ ಶೂ ತೊಡಬೇಕು. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ನಿಂತ ನೀರನ್ನು ತುಳಿಯಬಾರದು. ಇಲಿಗಳ ಮೂತ್ರ ಬೆರೆತ ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕವೂ ಇಲಿಜ್ವರ ತಗಲಬಹುದು. ಬಯಲು ಶೌಚವಿರುವ ಜಾಗದ ಮಣ್ಣಿನಿಂದ ಕೊಕ್ಕೆಹುಳು ಅಂಗಾಲಿನ ಚರ್ಮದ ಮೂಲಕವೇ ಒಳಸೇರುತ್ತದೆ. ಬೆಳಕು ಹರಿಯುವ ಮುನ್ನ ಓಡುವವರು ಬರಿಗಾಲ ಭಾಗವನ್ನು ಬೆಳಕು ಬಂದ ಮೇಲಕ್ಕೆ ಉಳಿಸಿಕೊಳ್ಳಲಿ. ಹಾವು, ಚೇಳು, ಮೊಳೆ ಯಾವುದೂ ಕತ್ತಲಲ್ಲಿ ಕಾಣುವುದಿಲ್ಲ. ಧನುರ್ವಾಯು ನಿರೋಧಕ ಚುಚ್ಚುಮದ್ದು ಪಡೆದು ಹತ್ತು ವರ್ಷ ಕಳೆದಿದ್ದರೆ ಆರಂಭಿಸುವ ಮುನ್ನವೇ ಮತ್ತೊಮ್ಮೆ ಪಡೆಯಬೇಕು.

ನಾಲ್ಕನೆಯ ಹಂತ: ಓಟದ ಮೊದಲ ನಿಮಿಷಗಳು

ಮೂರನೆಯ ವಾರದಲ್ಲಿ, ಶೂ ತೊಟ್ಟ ಎಂದಿನ ಓಟಕ್ಕೆ ಮುಂಚೆ, ಕಾಲು ದಣಿದಿರದ ಹೊತ್ತಿನಲ್ಲಿ, ಐದು ನಿಮಿಷ ಬಿರುಸಾಗಿ ನಡೆದು ಮೈ ಬೆಚ್ಚಗಾದ ಮೇಲೆ, ಒಂದು ನಿಮಿಷ ಬರಿಗಾಲಲ್ಲಿ ಓಡಿ ಒಂದು ನಿಮಿಷ ನಡೆಯಬೇಕು. ಇದನ್ನು ನಾಲ್ಕು ಸಲ ಮಾಡಿದರೆ ಆ ದಿನದ ಪಾಲು ಮುಗಿಯಿತು. ಆಮೇಲೆ ಶೂ ತೊಟ್ಟು ಉಳಿದ ಓಟವನ್ನು ಮುಗಿಸಬಹುದು, ಆದರೆ ಬರಿಗಾಲಲ್ಲಿ ಓಡಿದಷ್ಟನ್ನು ಅದರಿಂದ ಕಳೆಯಬೇಕು. ವಾರಕ್ಕೆ ಎರಡು ದಿನ, ಹೆಚ್ಚೆಂದರೆ ಮೂರು ದಿನ, ನಡುವೆ ಒಂದು ದಿನವಾದರೂ ಬಿಡುವು. ನೋವಿಲ್ಲದೆ ಒಂದು ವಾರ ಕಳೆದರೆ ಮಾತ್ರ ಮುಂದಿನ ವಾರ ಪ್ರತಿ ಸಲಕ್ಕೆ ಒಂದೆರಡು ನಿಮಿಷ ಕೂಡಿಸಬಹುದು. ಈ ಲೆಕ್ಕದಲ್ಲಿ ಹತ್ತನೆಯ ವಾರದ ಹೊತ್ತಿಗೆ ಹನ್ನೆರಡರಿಂದ ಹದಿನೈದು ನಿಮಿಷದ ಬರಿಗಾಲ ಓಟ ಸಾಧ್ಯವಾಗುತ್ತದೆ. ಐದು ಕಿಲೋಮೀಟರ್ ತಲುಪಲು ಆರು ತಿಂಗಳಿಗಿಂತ ಕಡಿಮೆ ಕಾಲವನ್ನು ನಾನು ಯಾರಿಗೂ ಹೇಳುವುದಿಲ್ಲ.

ಇಷ್ಟು ನಿಧಾನ ಏಕೆಂದು ಕೇಳುವವರಿಗೆ ಒಂದು ಪ್ರಯೋಗದ ಸಂಗತಿಯನ್ನು ಹೇಳಬೇಕು. ಅನುಭವಿ ಓಟಗಾರರ ಒಂದು ಗುಂಪಿಗೆ ಬೆರಳು ಬೆರಳಿಗೂ ಗವುಸಿರುವ ತೆಳು ಅಟ್ಟೆಯ ಪಾದರಕ್ಷೆ ಕೊಟ್ಟು, ಹತ್ತು ವಾರಗಳಲ್ಲಿ ಕ್ರಮೇಣ ಅದಕ್ಕೆ ಹೊಂದಿಕೊಳ್ಳಲು ಹೇಳಿ, ಮೊದಲೂ ಕೊನೆಗೂ ಎಂ.ಆರ್.ಐ. ತೆಗೆದ ಅಮೆರಿಕದ ಸಂಶೋಧಕರು 2013ರಲ್ಲಿ ಫಲಿತಾಂಶ ಪ್ರಕಟಿಸಿದರು: ಆ ಗುಂಪಿನ ಅರ್ಧಕ್ಕೂ ಹೆಚ್ಚು ಜನರ ಪಾದದ ಮೂಳೆಯ ಮಜ್ಜೆಯಲ್ಲಿ ಊತ ಹೆಚ್ಚಿತ್ತು, ಎಂದಿನ ಶೂನಲ್ಲೇ ಓಡಿದ ಗುಂಪಿನಲ್ಲಿ ಅದು ವಿರಳವಾಗಿತ್ತು. ಸ್ನಾಯು ಕೆಲವು ವಾರಗಳಲ್ಲಿ ಬಲಗೊಳ್ಳುತ್ತದೆ, ಸ್ನಾಯುರಜ್ಜುವಿಗೂ ಮೂಳೆಗೂ ತಿಂಗಳುಗಳು ಬೇಕು. ಮೂಳೆಯು ಹೊಸ ಭಾರಕ್ಕೆ ತಕ್ಕಂತೆ ಗಟ್ಟಿಯಾಗುವ ಮುನ್ನ ಹಳೆಯ ಅಂಶವನ್ನು ಕರಗಿಸಿ ಜಾಗ ಮಾಡಿಕೊಳ್ಳುವುದರಿಂದ, ನಡುವಿನ ಕೆಲವು ವಾರ ಅದು ಮೊದಲಿಗಿಂತಲೂ ದುರ್ಬಲವಾಗಿರುತ್ತದೆ. ಸ್ನಾಯು ‘ಇನ್ನಷ್ಟು ಓಡು’ ಎನ್ನುವ ಹೊತ್ತು ಮೂಳೆ ಅತ್ಯಂತ ಎಳೆಯದಾಗಿರುವ ಹೊತ್ತೂ ಆಗಿರುತ್ತದೆ. ನಾನು ಆರಂಭಿಸಿದ ವರ್ಷ ಐದನೆಯ ವಾರದಲ್ಲಿ ಕಾಲು ಹಗುರವೆನಿಸಿ ಒಮ್ಮೆಲೇ ನಾಲ್ಕು ಕಿಲೋಮೀಟರ್ ಬರಿಗಾಲಲ್ಲಿ ಓಡಿದೆ. ಎರಡನೆಯ ಬೆರಳಿನ ಹಿಂದಿನ ಮೂಳೆಯಲ್ಲಿ ನೋವು ಹುಟ್ಟಿ ಏಳು ವಾರ ಓಟವನ್ನೇ ಬಿಡಬೇಕಾಯಿತು. ಆ ಏಳು ವಾರ ಯಾರಿಗೂ ಬೇಡ ಎಂಬುದೇ ಇಷ್ಟು ಒತ್ತಿ ಹೇಳಲು ಕಾರಣ.

ಓಡುವ ರೀತಿಯ ಬಗ್ಗೆ ಕೆಲವು ಮಾತು. ಪಾದ ದೇಹದ ಮುಂದೆ ದೂರದಲ್ಲಿ ಇಳಿಯದೆ ಸೊಂಟದ ಕೆಳಗೇ ಇಳಿಯಬೇಕು. ಪಾದದ ಹೊರ ಅಂಚಿನ ಮುಂಭಾಗ ಮೊದಲು ಮೃದುವಾಗಿ ಸೋಕಿ, ಒಡನೆಯೇ ಹಿಮ್ಮಡಿಯೂ ನೆಲ ಮುಟ್ಟಬೇಕು. ಹಿಮ್ಮಡಿಯನ್ನು ಗಾಳಿಯಲ್ಲೇ ಎತ್ತಿ ಹಿಡಿದು ತುದಿಗಾಲಲ್ಲಿ ಓಡುವುದು ಹೊಸಬರು ಮಾಡುವ ತಪ್ಪುಗಳಲ್ಲೆಲ್ಲ ದೊಡ್ಡದು, ಅದರಿಂದ ಮೀನಖಂಡಕ್ಕೆ ಕ್ಷಣವೂ ವಿಶ್ರಾಂತಿ ಸಿಗುವುದಿಲ್ಲ. ನೆಲವನ್ನು ಹಿಂದಕ್ಕೆ ಒದೆಯುವ ಬದಲು ಪಾದವನ್ನು ಮೇಲಕ್ಕೆ ಎತ್ತಿಕೊಳ್ಳುವತ್ತ ಗಮನವಿದ್ದರೆ ಚರ್ಮ ಉಜ್ಜುವುದಿಲ್ಲ. ಗುಳ್ಳೆ ಎದ್ದರೆ ಎಲ್ಲೋ ಒದೆತ ಅಥವಾ ಜಾರುವಿಕೆ ಉಳಿದಿದೆ ಎಂದೇ ಅರ್ಥ. ಬಲಗಾಲು ನೆಲ ಮುಟ್ಟುವುದನ್ನು ಮೂವತ್ತು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಹೆಜ್ಜೆಗಳ ಲೆಕ್ಕ ಸಿಗುತ್ತದೆ. ಅದು 160 ಇದ್ದರೆ 168ಕ್ಕೆ ಏರಿಸಲು ಪ್ರಯತ್ನಿಸಬೇಕು; ವೇಗ ಹೆಚ್ಚಿಸದೆ ಹೆಜ್ಜೆಯನ್ನು ಶೇ. 5ರಷ್ಟು ಚುರುಕುಗೊಳಿಸಿದರೂ ಮೊಣಕಾಲಿನ ಮೇಲಿನ ಭಾರ ಇಳಿಯುತ್ತದೆ. ಶೂ ತೊಟ್ಟಾಗಲೂ ಇದು ಅಷ್ಟೇ ನಿಜ, ಮತ್ತು ಬರಿಗಾಲ ಅಭ್ಯಾಸದಿಂದ ನನಗೆ ದೊರೆತ ದೊಡ್ಡ ಲಾಭವೂ ಇದೇ. ಕಾಲಿನ ಸದ್ದು ಕೇಳಿಸದಷ್ಟು ಹಗುರವಾಗಿ ಓಡುವುದು ಗುರಿಯಾಗಿರಲಿ. ಕಣ್ಣು ಐದಾರು ಮೀಟರ್ ಮುಂದಿನ ನೆಲದ ಮೇಲಿರಲಿ.

ಐದನೆಯ ಹಂತ: ನೋವನ್ನು ಓದುವುದು

ಮರುದಿನ ಎರಡೂ ಮೀನಖಂಡಗಳು ಬಿಗಿದುಕೊಂಡು, ಮುಟ್ಟಿದರೆ ಮೆಲ್ಲಗೆ ನೋಯುವುದು ಸಹಜ. ಎರಡು ದಿನದಲ್ಲಿ ಅದು ಕರಗಿದರೆ ಅಭ್ಯಾಸ ಮುಂದುವರಿಸಬಹುದು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿಯ ಕೆಳಗೆ ಚುಚ್ಚಿದಂತಾದರೆ, ಅಥವಾ ಅಕಿಲಿಸ್ ಬೆಳಗಿನ ಹೊತ್ತು ಬಿಗಿದು ಮುಟ್ಟಿದಾಗ ನೋಯುತ್ತಿದ್ದರೆ, ಬರಿಗಾಲ ಭಾಗವನ್ನು ನಿಲ್ಲಿಸಿ ನಡಿಗೆಯ ಹಂತಕ್ಕೆ ಮರಳಬೇಕು. ಪಾದದ ಮೇಲ್ಭಾಗದಲ್ಲಿ ಒಂದೇ ಬಿಂದುವಿನಲ್ಲಿ ಬೆರಳಿಟ್ಟು ತೋರಿಸಬಹುದಾದ ನೋವು, ಓಡುತ್ತ ಓಡುತ್ತ ಹೆಚ್ಚಾಗುವ ನೋವು, ರಾತ್ರಿ ಮಲಗಿದಾಗಲೂ ಇರುವ ನೋವು, ಅದರ ಸುತ್ತ ಊತ, ಇವು ಮೂಳೆಯ ಬಿರುಕಿನ ಲಕ್ಷಣಗಳು. ಆಗ ಎಣ್ಣೆ ನೀವಿ ಕಟ್ಟು ಹಾಕಿಸಿಕೊಂಡು ಕಾಯುವುದು ಬೇಡ. ಮೂಳೆ ವೈದ್ಯರನ್ನೇ ಕಾಣಬೇಕು. ಆರಂಭದ ದಿನಗಳ ಬಿರುಕು ಸಾಮಾನ್ಯ ಎಕ್ಸ್-ರೇಯಲ್ಲಿ ಕಾಣದೆ ಹೋಗಬಹುದೆಂಬುದೂ ನೆನಪಿರಲಿ.

ಅಂಗಾಲಿನ ಆರೈಕೆ

ಓಟ ಮುಗಿದ ಕೂಡಲೇ ಸಾಬೂನಿನಿಂದ ಪಾದ ತೊಳೆದು, ಬೆರಳ ಸಂದಿಗಳನ್ನೂ ಒರೆಸಿ, ಬೆಳಕಿನಲ್ಲಿ ಅಂಗಾಲನ್ನು ಪೂರ್ತಿ ನೋಡಬೇಕು. ಮುಳ್ಳು ಮುರಿದು ಒಳಗೆ ಉಳಿದಿದ್ದರೆ ಸ್ಪಿರಿಟ್‌ನಿಂದ ಒರೆಸಿದ ಸೂಜಿ, ಚಿಮುಟದಿಂದ ಆ ದಿನವೇ ತೆಗೆಯಬೇಕು. ಆಳಕ್ಕೆ ಇಳಿದ ಬಳ್ಳಾರಿ ಜಾಲಿಯ ಮುಳ್ಳನ್ನು ಮನೆಯಲ್ಲಿ ಕೆದಕದೆ ವೈದ್ಯರಿಂದ ತೆಗೆಸುವುದು ಮೇಲು. ಒಡೆದ ಹಿಮ್ಮಡಿಯಲ್ಲಿ ಬಿರುಕು ಆಳವಾಗಿದ್ದರೆ ಅದು ವಾಸಿಯಾಗುವವರೆಗೆ ಬರಿಗಾಲ ಓಟ ಬೇಡ. ರಾತ್ರಿ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿದರೆ ಚರ್ಮ ಗಟ್ಟಿಯಾದರೂ ಒಡೆಯದೆ ಬಾಗುವ ಗುಣ ಉಳಿಸಿಕೊಳ್ಳುತ್ತದೆ. ಅಂಗಾಲು ದಪ್ಪಗಾದರೆ ನೆಲದ ಸ್ಪರ್ಶವೇ ತಿಳಿಯದಾಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ಬರಿಗಾಲ ರೂಢಿಯಿಂದ ದಪ್ಪಗಾದ ಚರ್ಮ ಪಾದವನ್ನು ಕಾಯುತ್ತದೆ, ಸ್ಪರ್ಶಜ್ಞಾನವನ್ನು ಕುಗ್ಗಿಸುವುದಿಲ್ಲ ಎಂದು 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿದೆ.

ಶೂ ತೊಡುವ ದಿನಗಳು

ಬರಿಗಾಲ ಅಭ್ಯಾಸ ಎಷ್ಟೇ ಮುಂದುವರಿದರೂ ಉದ್ದದ ಓಟ, ಡಾಂಬರಿನ ಓಟ, ಕಲ್ಲುಮುಳ್ಳಿನ ಹಾದಿ ಇವಕ್ಕೆ ಶೂ ಬೇಕೇ ಬೇಕು. ಇಂದಿಗೂ ನಾನು ವಾರದ ಓಟದಲ್ಲಿ ಐದನೆಯ ಒಂದು ಪಾಲನ್ನು ಮಾತ್ರ ಬರಿಗಾಲಲ್ಲಿ ಓಡುತ್ತೇನೆ, ಉಳಿದದ್ದೆಲ್ಲ ಶೂ ತೊಟ್ಟೇ.

ಶೂ ಕೊಳ್ಳಲು ಸಂಜೆಯ ಹೊತ್ತು ಹೋಗಬೇಕು, ದಿನದ ಕೊನೆಗೆ ಪಾದ ತುಸು ಹಿಗ್ಗಿರುತ್ತದೆ. ನಿಂತಾಗ ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗವಿರಬೇಕು, ಬೆರಳುಗಳು ಪಕ್ಕಕ್ಕೆ ಹರಡಿಕೊಳ್ಳುವಂತಿರಬೇಕು. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಓಟದ ಶೂಗಳಲ್ಲಿ ಹಿಮ್ಮಡಿಯ ಭಾಗ ಬೆರಳಿನ ಭಾಗಕ್ಕಿಂತ 8ರಿಂದ 12 ಮಿಲಿಮೀಟರ್ ಎತ್ತರವಿರುತ್ತದೆ. ಬರಿಗಾಲಿನ ಅಭ್ಯಾಸಕ್ಕೆ ಪೂರಕವಾದ ಶೂ ಬೇಕೆಂದರೆ ಈ ಅಂತರ ಕಡಿಮೆಯಿರುವುದನ್ನು ಕೇಳಿ ಪಡೆಯಬೇಕು, ಆದರೆ 12ರಿಂದ ಒಮ್ಮೆಲೇ ಸೊನ್ನೆಗೆ ಇಳಿಯಬಾರದು. ಪ್ರತಿ ಶೂವಿನ ತೂಕ 100 ಗ್ರಾಂ ಹೆಚ್ಚಿದಂತೆ ಓಟಕ್ಕೆ ಬೇಕಾದ ಶಕ್ತಿ ಸುಮಾರು ಶೇ. 1ರಷ್ಟು ಏರುತ್ತದೆ. ಹಾಗೆಂದು ಬರಿಗಾಲೇ ಅತಿ ಮಿತವ್ಯಯದ್ದೆಂದು ತಿಳಿಯಬೇಕಾಗಿಲ್ಲ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಅಳೆದು ನೋಡಿದಾಗ, ಮೆತ್ತೆಯಿರುವ ಹಗುರ ಶೂಗಿಂತ ಬರಿಗಾಲ ಓಟದಲ್ಲಿ ಶಕ್ತಿಯ ಉಳಿತಾಯ ಕಂಡುಬರಲಿಲ್ಲ. ಮೆತ್ತೆ ಮಾಡುವ ಕೆಲಸವನ್ನು ಬರಿಗಾಲಿನಲ್ಲಿ ಸ್ನಾಯುಗಳೇ ಮಾಡಬೇಕಾಗುತ್ತದೆ.

ಬರಿಗಾಲಿನಂತೆಯೇ ಎಂದು ಮಾರುವ ತೆಳು ಅಟ್ಟೆಯ ಪಾದರಕ್ಷೆಗಳು ಗಾಜು, ಮುಳ್ಳಿನಿಂದ ಕಾಯುತ್ತವೆ, ಆದರೆ ನೆಲದ ಎಚ್ಚರಿಕೆಯನ್ನು ಅರ್ಧ ಮರೆಮಾಡುತ್ತವೆ. ಚರ್ಮ ನೋಯದ ಕಾರಣ ಜನ ಮೂಳೆ ತಾಳಬಲ್ಲದ್ದಕ್ಕಿಂತ ಹೆಚ್ಚು ದೂರ ಓಡಿಬಿಡುತ್ತಾರೆ. ಇಂಥ ಪಾದರಕ್ಷೆಯ ಆರೋಗ್ಯ ಲಾಭಗಳ ಜಾಹೀರಾತಿನ ಬಗ್ಗೆ ಅಮೆರಿಕದಲ್ಲಿ ಹೂಡಿದ ಮೊಕದ್ದಮೆಯನ್ನು ವೈಬ್ರಮ್ ಸಂಸ್ಥೆ 2014ರಲ್ಲಿ, ತಪ್ಪನ್ನು ಒಪ್ಪಿಕೊಳ್ಳದೆಯೇ, 37.5 ಲಕ್ಷ ಡಾಲರಿನ ರಾಜಿಯಲ್ಲಿ ಮುಗಿಸಿಕೊಂಡಿತು. ಮೇಲೆ ಹೇಳಿದ ವಾರಗಳ ಲೆಕ್ಕವನ್ನು ಈ ಪಾದರಕ್ಷೆಗಳಿಗೂ ಹಾಗೆಯೇ ಅನ್ವಯಿಸಬೇಕು.

ಸ್ಪರ್ಧೆಯಲ್ಲಿ ಯಾವುದು

ವರ್ಲ್ಡ್ ಅಥ್ಲೆಟಿಕ್ಸ್ ನಿಯಮದ ಪ್ರಕಾರ ಬರಿಗಾಲಲ್ಲಿ, ಎರಡು ಕಾಲಿಗೂ ಶೂ ತೊಟ್ಟು, ಅಥವಾ ಒಂದೇ ಕಾಲಿಗೆ ತೊಟ್ಟು ಸ್ಪರ್ಧಿಸಬಹುದು. ರಸ್ತೆ ಓಟದ ಶೂವಿನ ಅಟ್ಟೆ ಮಾತ್ರ 40 ಮಿಲಿಮೀಟರ್ ಮೀರುವಂತಿಲ್ಲ. ಬರಿಗಾಲ ಓಟದ ಮಾತು ಬಂದಾಗಲೆಲ್ಲ ಇಥಿಯೋಪಿಯದ ಅಬೆಬೆ ಬಿಕಿಲಾ ಹೆಸರು ಬರುತ್ತದೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ, ಸಿಕ್ಕ ಶೂ ಕಾಲಿಗೆ ಹೊಂದದ ಕಾರಣ ಬರಿಗಾಲಲ್ಲೇ ಮ್ಯಾರಥಾನ್ ಓಡಿ 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಅವರು ಗೆದ್ದರು. ಬರಿಗಾಲಲ್ಲಿ ಓಡಿದ ರೂಢಿ ಅವರಿಗೆ ಮೊದಲೇ ಇತ್ತು. ನಾಲ್ಕು ವರ್ಷದ ನಂತರ ಟೋಕಿಯೊದಲ್ಲಿ ಅದೇ ಬಿಕಿಲಾ ಶೂ ತೊಟ್ಟು 2 ಗಂಟೆ 12 ನಿಮಿಷ 11 ಸೆಕೆಂಡಿನಲ್ಲಿ ಮತ್ತೆ ಗೆದ್ದರು. ಬರಿಗಾಲಿನ ಪರವಾಗಿ ರೋಮ್ ಅನ್ನು ಮಾತ್ರ ಹೇಳಿ ಟೋಕಿಯೊವನ್ನು ಬಿಡುವುದು ಅವರಿಗೆ ಮಾಡುವ ನ್ಯಾಯವಲ್ಲ.

ಸಾಮಾನ್ಯ ಓಟಗಾರರು ಅಭ್ಯಾಸದಲ್ಲಿ ಬರಿಗಾಲಲ್ಲಿ ಓಡಿದ ಅತಿ ಉದ್ದದ ದೂರಕ್ಕಿಂತ ಹೆಚ್ಚಿನದನ್ನು ಸ್ಪರ್ಧೆಯಲ್ಲಿ ಬರಿಗಾಲಲ್ಲಿ ಓಡಬಾರದು. ಬೆಂಗಳೂರಿನಂಥ ನಗರದ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದರೆ ಹಿಂದಿನ ದಿನವೇ ಆ ರಸ್ತೆಯಲ್ಲಿ ಒಮ್ಮೆ ಹೋಗಿ, ಹೊಸದಾಗಿ ಜಲ್ಲಿ ಸುರಿದ, ಅಗೆದು ಮುಚ್ಚಿದ ಜಾಗಗಳನ್ನು ಗುರುತಿಸಿಕೊಳ್ಳಬೇಕು. ಆರಂಭದ ನೂಕುನುಗ್ಗಲಿನಲ್ಲಿ ಶೂ ತೊಟ್ಟವರ ನಡುವೆ ಬೆರಳು ತುಳಿಸಿಕೊಳ್ಳದಂತೆ ಹಿಂದಿನ ಸಾಲಿನಲ್ಲಿ ನಿಲ್ಲಬೇಕು. ನೀರು ಕೊಡುವ ಜಾಗದಲ್ಲಿ ಚೆಲ್ಲಿದ ಬಾಟಲಿ, ಮುಚ್ಚಳಗಳ ಮೇಲೆ ಓಡದೆ ನಡೆದು ದಾಟಬೇಕು. ಹಗುರವಾದ ಒಂದು ಜೊತೆ ಶೂವನ್ನು ಬೆನ್ನ ಚೀಲದಲ್ಲಿ ಇಟ್ಟುಕೊಂಡಿರಬೇಕು; ಯಾವ ಕಿಲೋಮೀಟರಿನಲ್ಲಿ ಹೆಜ್ಜೆಯ ಸದ್ದು ಜೋರಾಗಿ ಕೇಳತೊಡಗುತ್ತದೋ ಅಲ್ಲಿಯೇ ರಸ್ತೆಯ ಪಕ್ಕಕ್ಕೆ ಸರಿದು, ಅಂಗಾಲನ್ನು ಒರೆಸಿಕೊಂಡು, ಅದನ್ನು ತೊಟ್ಟು ಮುಂದುವರಿಯಬೇಕು.